ಮಂಗಳನ ಬತ್ತಿದ ಹೊಳೆಗಳು

ಬೇಸಗೆಯಲ್ಲಿ ಒಣಗಿದ ಹಳ್ಳವೊಂದನ್ನು ದಾಟುವಾಗ, ಇಲ್ಲಿ ಎಂದಾದರೂ ನೀರು ಹರಿದಿತ್ತೇ ಎಂದು ನಾವು ಯಾರನ್ನೂ ಕೇಳುವುದಿಲ್ಲ. ನುಣುಪಾದ ಗುಂಡುಕಲ್ಲುಗಳು, ಕೊರೆದ ದಡ, ತಿರುವಿನಲ್ಲಿ ನಿಂತ ಮರಳಿನ ದಿಬ್ಬ, ಇವೇ ಸಾಕ್ಷಿ ಹೇಳುತ್ತವೆ. ಬಲ್ಲ ರೈತನಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರು ಎಷ್ಟು ಎತ್ತರಕ್ಕೆ ಬಂದಿತ್ತು, ಮೆಲ್ಲಗೆ ಹರಿಯಿತೋ ರಭಸದಿಂದ ನುಗ್ಗಿತೋ ಎಂಬುದನ್ನೂ ಹೇಳಿಯಾನು. ನೆಲಕ್ಕೆ ಬಾಯಿಲ್ಲ, ಆದರೆ ನೆನಪುಂಟು.

ಇದೇ ವಿದ್ಯೆಯನ್ನು ನಮ್ಮ ನೆರೆಯ ಗ್ರಹವಾದ ಮಂಗಳನ ಮೇಲೆ ಪ್ರಯೋಗಿಸಿದರೆ ಏನು ತಿಳಿದೀತು? ಇಂದಿನ ಮಂಗಳ ಒಂದು ಶೀತಲ ಮರುಭೂಮಿ. ಅದರ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 60 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಅಲ್ಲಿಯ ಗಾಳಿಯ ಒತ್ತಡ ಭೂಮಿಯ ಗಾಳಿಯ ಒತ್ತಡದ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಂಥ ಕಡೆ ಒಂದು ಕೊಡ ನೀರನ್ನು ಸುರಿದರೆ ಅದು ಹರಿದು ಹೋಗುವ ಬದಲು ಹೆಪ್ಪುಗಟ್ಟುತ್ತದೆ, ಇಲ್ಲವೆ ಆವಿಯಾಗಿ ಹಾರಿಹೋಗುತ್ತದೆ. ಇಂಥ ಗ್ರಹದಲ್ಲಿ ಒಂದಾನೊಂದು ಕಾಲಕ್ಕೆ ಮಳೆ ಸುರಿದಿತ್ತೇ? ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಭೂಮಿಯ ಹೊರಗೆ ಜೀವ ಹುಟ್ಟಲು ಅವಕಾಶವಿತ್ತೇ ಎಂಬ ದೊಡ್ಡ ಪ್ರಶ್ನೆ ಅದರ ಬೆನ್ನಿಗೇ ನಿಂತಿದೆ.

ನೆಲದ ಬರಹವನ್ನು ಓದುವಾಗ ಎಡವುವುದು ಸುಲಭ. 1877ರಲ್ಲಿ ಇಟಲಿಯ ಸ್ಕಿಯಪರೆಲ್ಲಿ ಮಂಗಳನ ಮೇಲೆ ನೇರವಾದ ಗೆರೆಗಳನ್ನು ಕಂಡೆನೆಂದ. ಅಮೆರಿಕದ ಪರ್ಸಿವಲ್ ಲೊವೆಲ್ ಅವನ್ನು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳೆಂದೇ ವಾದಿಸಿದ. 1965ರ ಜುಲೈಯಲ್ಲಿ ಮ್ಯಾರಿನರ್ 4 ಎಂಬ ನೌಕೆ ಮಂಗಳನ ಪಕ್ಕದಲ್ಲಿ ಹಾದು ಕಳುಹಿಸಿದ ಇಪ್ಪತ್ತೊಂದು ಚಿತ್ರಗಳಲ್ಲಿ ಕಾಲುವೆಗಳಿರಲಿಲ್ಲ; ಚಂದ್ರನ ಮೇಲಿರುವಂಥ ಕುಳಿಗಳೇ ಇದ್ದವು. ಮಂಗಳ ಎಂದಿನಿಂದಲೂ ಸತ್ತ ಗ್ರಹವೆಂದು ಅನೇಕರು ತೀರ್ಮಾನಿಸಿಬಿಟ್ಟರು. ಅದೂ ಅವಸರದ ಮಾತೇ ಆಯಿತು. 1971ರ ನವೆಂಬರಿನಲ್ಲಿ ಮ್ಯಾರಿನರ್ 9 ಮಂಗಳನನ್ನು ಸುತ್ತತೊಡಗಿದಾಗ ಗ್ರಹವೆಲ್ಲ ಧೂಳಿನ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು. ಧೂಳು ಅಡಗಿದ ಮೇಲೆ ಕಂಡದ್ದೇನು? ಬೃಹತ್ತಾದ ಜ್ವಾಲಾಮುಖಿಗಳು, ಆಳವಾದ ಕಮರಿಗಳು, ಮತ್ತು ಯಾರೂ ನಿರೀಕ್ಷಿಸದಿದ್ದ ಒಣಗಿದ ಹೊಳೆಗಳ ಪಾತ್ರಗಳು.

ಈ ಪಾತ್ರಗಳು ಮುಖ್ಯವಾಗಿ ಎರಡು ಬಗೆ. ಊರ ಕೆರೆಯ ಏರಿ ಒಡೆದಾಗ ನೀರು ಕೊರೆಯುವ ಕಂದಕ ಮೊದಲಿನಿಂದಲೇ ಅಗಲವಾಗಿರುತ್ತದೆ, ಅದಕ್ಕೆ ಕವಲುಗಳಿರುವುದಿಲ್ಲ. ಮಳೆಯ ನೀರು ಮಾಡುವ ಹೊಳೆಯ ರೀತಿಯೇ ಬೇರೆ. ಸಣ್ಣ ತೊರೆಗಳು ಕೂಡಿ ಹಳ್ಳವಾಗಿ, ಹಳ್ಳಗಳು ಕೂಡಿ ಹೊಳೆಯಾಗಿ, ಮೇಲಿನಿಂದ ನೋಡಿದರೆ ಮರದ ರೆಂಬೆಗಳಂತೆ ಕಾಣುತ್ತದೆ. ಮಂಗಳನಲ್ಲಿ ಈ ಎರಡೂ ಉಂಟು. ಆರಿಸ್ ಕಣಿವೆಯಂಥವು ಕುಸಿದು ಚೆಲ್ಲಾಪಿಲ್ಲಿಯಾದ ನೆಲದಿಂದ ಪೂರ್ಣ ಅಗಲದಲ್ಲೇ ಹೊರಟು, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿವೆ. ದಾರಿಯಲ್ಲಿ ಹನಿಯ ಆಕಾರದ ನಡುಗಡ್ಡೆಗಳನ್ನು ಉಳಿಸಿವೆ. ನೆಲದಡಿಯ ನೀರು ಒಮ್ಮೆಗೇ ಒಡೆದು ನುಗ್ಗಿದ ಪ್ರಳಯದ ಗುರುತುಗಳಿವು.

ಭೂಮಿಯಲ್ಲೂ ಇಂಥ ಗುರುತುಗಳುಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೋಳು ಕಲ್ಲುನೆಲವನ್ನು ಮಹಾಪ್ರವಾಹವೇ ಕೊರೆಯಿತೆಂದು ಹಾರ್ಲನ್ ಬ್ರೆಟ್ಜ್ 1923ರಲ್ಲಿ ಹೇಳಿದಾಗ ಪಂಡಿತರು ನಂಬಲಿಲ್ಲ. ಹಿಮಯುಗದ ಒಂದು ಸರೋವರ ತನ್ನ ಹಿಮದ ಕಟ್ಟೆಯನ್ನು ಒಡೆದು ಹರಿದದ್ದೇ ಅದಕ್ಕೆ ಕಾರಣವೆಂದು ಒಪ್ಪಲು ಅವರಿಗೆ ದಶಕಗಳೇ ಹಿಡಿದವು. ಮಂಗಳನ ಪ್ರವಾಹಗಳನ್ನು ಅರಿಯಲು ಆ ನೆಲವೇ ಮುಂದೆ ಪಾಠಶಾಲೆಯಾಯಿತು.

ಆದರೆ ಪ್ರವಾಹಕ್ಕೆ ಮಳೆ ಬೇಕಿಲ್ಲ. ಹವಾಗುಣದ ಕಥೆಯನ್ನು ಹೇಳುವುದು ಎರಡನೆಯ ಬಗೆಯ ಪಾತ್ರಗಳು, ಅಂದರೆ ದಕ್ಷಿಣದ ಎತ್ತರದ ನೆಲದಲ್ಲಿ ಹರಡಿರುವ ಕವಲೊಡೆದ ಕಣಿವೆಗಳು. ಇವುಗಳ ವಯಸ್ಸೆಷ್ಟು? ಅದಕ್ಕೂ ನೆಲದಲ್ಲೇ ಲೆಕ್ಕವಿದೆ. ನೆಲ ಹಳೆಯದಾದಷ್ಟೂ ಅದರ ಮೇಲೆ ಉಲ್ಕೆಗಳು ಬಿದ್ದು ಆದ ಕುಳಿಗಳು ಹೆಚ್ಚು. ಅಪೊಲೊ ಯಾತ್ರಿಕರು ಚಂದ್ರನಿಂದ ತಂದ ಕಲ್ಲುಗಳ ವಯಸ್ಸನ್ನು ಅಳತೆಗೋಲಾಗಿ ಇಟ್ಟುಕೊಂಡು ಕುಳಿಗಳನ್ನು ಎಣಿಸಿದಾಗ, ಈ ಕಣಿವೆಗಳಲ್ಲಿ ಬಹುಪಾಲು ಸುಮಾರು 350ರಿಂದ 380 ಕೋಟಿ ವರ್ಷಗಳಷ್ಟು ಹಿಂದಿನವೆಂದು ತಿಳಿಯುತ್ತದೆ. ಆ ಕಾಲಕ್ಕೆ ಮೊದಲಿನ ಕುಳಿಗಳ ಅಂಚು ಸವೆದಿದೆ, ತಳ ತುಂಬಿದೆ. ಆಮೇಲಿನ ಕುಳಿಗಳ ಅಂಚು ಇನ್ನೂ ಹರಿತವಾಗಿದೆ. ನೆಲವನ್ನು ಸವೆಸುತ್ತಿದ್ದುದು ಯಾವುದೋ ಆ ಹೊತ್ತಿಗೆ ನಿಂತುಹೋಯಿತೆಂದಾಯಿತು.

ಹರಿದ ನೀರು ನಿಂತದ್ದಕ್ಕೂ ಸಾಕ್ಷಿಯುಂಟು. ಜೆಜೆರೊ ಎಂಬ ಸುಮಾರು 45 ಕಿಲೋಮೀಟರು ಅಗಲದ ಕುಳಿಗೆ ಒಂದು ಕಡೆ ಕಣಿವೆ ಬಂದು ಸೇರುತ್ತದೆ, ಇನ್ನೊಂದು ಕಡೆ ಕಣಿವೆ ಹೊರಡುತ್ತದೆ. ನೀರು ತುಂಬಿ ಕೋಡಿ ಹರಿಯದೆ ಹೀಗಾಗದು. ಒಳಬರುವ ಬಾಯಲ್ಲಿ ಹೂಳು ಬೀಸಣಿಗೆಯಂತೆ ಹರಡಿ ಮುಖಜಭೂಮಿಯಾಗಿದೆ. 2021ರ ಫೆಬ್ರವರಿ 18ರಂದು ಪರ್ಸಿವರೆನ್ಸ್ ಎಂಬ ಗಾಲಿಯಂತ್ರ ಇಲ್ಲಿಯೇ ಇಳಿಯಿತು. ಅದು ಕಳುಹಿಸಿದ ಚಿತ್ರಗಳಲ್ಲಿ ಕೆಳಗೆ ತೆಳುವಾದ ಹೂಳಿನ ಪದರಗಳೂ, ಮೇಲ್ಗಡೆ ದೊಡ್ಡ ಬಂಡೆಗಳೂ ಕಂಡವು. ಶಾಂತವಾದ ಕೆರೆಗೆ ಕೊನೆಗೊಮ್ಮೆ ಭಾರಿ ನೆರೆ ನುಗ್ಗಿದ ಕಥೆಯಿದು. ಇನ್ನೊಂದು ಕಡೆ, ಗೇಲ್ ಎಂಬ ಕುಳಿಯಲ್ಲಿ, ಕ್ಯೂರಿಯಾಸಿಟಿ ಯಂತ್ರ 2012ರಲ್ಲಿ ದುಂಡಗಾದ ಹರಳುಗಳನ್ನು ಕಂಡಿತು. ಗಾಳಿ ಸಾಗಿಸಲಾರದಷ್ಟು ದೊಡ್ಡವು ಅವು. ಅವುಗಳ ಗಾತ್ರದಿಂದ, ಅಲ್ಲಿ ಹರಿದ ತೊರೆ ಕಣಕಾಲಿಗೂ ಸೊಂಟಕ್ಕೂ ನಡುವಣ ಆಳದ್ದು, ಮನುಷ್ಯ ನಡೆಯುವಷ್ಟು ವೇಗದ್ದು ಎಂದು ಲೆಕ್ಕ ಹಾಕಿದರು.

ಇಷ್ಟು ಸಾಕ್ಷಿಯಿದ್ದ ಮೇಲೆ ವಾದವೇನು ಉಳಿಯಿತು ಎನ್ನುತ್ತೀರಾ? ನೀರು ಹರಿಯಿತೆಂಬುದರಲ್ಲಿ ವಾದವಿಲ್ಲ. ಅದು ಮಳೆಯ ನೀರೋ, ಕರಗಿದ ಹಿಮವೋ ಎಂಬುದೇ ತೊಡಕು. ಆ ಕಾಲದಲ್ಲಿ ಸೂರ್ಯನ ಬೆಳಕು ಇಂದಿಗಿಂತ ಕಾಲು ಭಾಗದಷ್ಟು ಕಡಿಮೆಯಿತ್ತು. ಅಂಥ ಮಂಕು ಬಿಸಿಲಿನಲ್ಲಿ ಮಂಗಳ ಬೆಚ್ಚಗಿದ್ದುದು ಹೇಗೆಂದು ಲೆಕ್ಕಕ್ಕೆ ಸುಲಭವಾಗಿ ಸಿಗದು. ಕಣಿವೆಗಳ ಆಕಾರವೂ ಒಂದೇ ಮಾತು ಹೇಳುವುದಿಲ್ಲ. ಭೂಮಿಯಲ್ಲಿ ಮಳೆ ಕಡಿಮೆಯಿರುವ ಸೀಮೆಗಳಲ್ಲಿ ಹಳ್ಳಗಳು ಕಿರಿದಾದ ಕೋನದಲ್ಲಿ ಕೂಡುತ್ತವೆ, ತೇವದ ಸೀಮೆಗಳಲ್ಲಿ ಅಗಲವಾದ ಕೋನದಲ್ಲಿ. ಮಂಗಳನ ಕಣಿವೆಗಳು ಕೂಡುವ ಕೋನ ಒಣಸೀಮೆಗಳದನ್ನು ಹೋಲುತ್ತದೆಂದು 2018ರ ಒಂದು ಅಧ್ಯಯನ ಹೇಳಿತು: ಅಪರೂಪಕ್ಕೆ ಸುರಿದು ನೆಲದ ಮೇಲೆಯೇ ಹರಿದುಹೋಗುವ ಜೋರು ಮಳೆ. 2020ರ ಇನ್ನೊಂದು ಅಧ್ಯಯನ, ಹಲವು ಕಣಿವೆಗಳು ಹಿಮದ ಹಾಸಿನ ಅಡಿಯಲ್ಲಿ ಕರಗಿದ ನೀರು ಕೊರೆದವೆಂದು, ಕೆನಡಾದ ಉತ್ತರ ತುದಿಯ ಡೆವನ್ ದ್ವೀಪದ ಕಣಿವೆಗಳನ್ನು ಹೋಲಿಕೆಗಿಟ್ಟು ವಾದಿಸಿತು. ಎರಡೂ ಮಾತು ಬೇರೆ ಬೇರೆ ಕಣಿವೆಗಳಿಗೆ ನಿಜವಾಗಿರಬಹುದು.

ಒಂದೇ ಆಕಾರಕ್ಕೆ ಹಲವು ಕಾರಣಗಳಿರಬಹುದೆಂಬುದನ್ನು ಮಂಗಳ ಮತ್ತೆ ಮತ್ತೆ ಕಲಿಸಿದೆ. ಬೇಸಗೆಯಲ್ಲಿ ಇಳಿಜಾರುಗಳ ಮೇಲೆ ಬೆಳೆದು ಚಳಿಗಾಲದಲ್ಲಿ ಮಾಸುವ ಕಪ್ಪು ಗೆರೆಗಳು 2011ರಲ್ಲಿ ಸುದ್ದಿಯಾದವು. ಉಪ್ಪುನೀರು ಜಿನುಗುತ್ತಿದೆಯೆಂಬ ಆಸೆ ಹುಟ್ಟಿತು. 2017ರ ಹೊತ್ತಿಗೆ, ಒಣಮರಳು ಜಾರುವಷ್ಟು ಕಡಿದಾದ ಇಳಿಜಾರಿನಲ್ಲಿಯೇ ಆ ಗೆರೆಗಳು ಮೂಡುತ್ತವೆಂದು ಕಂಡುಬಂದು ಆಸೆಯ ಬಣ್ಣ ಮಾಸಿತು.

ಇನ್ನೊಂದು ಸೋಜಿಗವನ್ನು ಹೇಳದಿರಲಾಗದು. ಮಂಗಳನ ಮಧ್ಯರೇಖೆಯ ಬಳಿಯ ಆರ್ಸಿಯಾ ಎಂಬ ಜ್ವಾಲಾಮುಖಿಯ ಪಕ್ಕದಲ್ಲಿ ಹಿಮನದಿ ಮಾತ್ರ ಬಿಟ್ಟುಹೋಗುವಂಥ ಕಲ್ಲುಮಣ್ಣಿನ ಏರಿಗಳಿವೆ. ಉಷ್ಣವಲಯದಲ್ಲಿ ಹಿಮವೆಲ್ಲಿಂದ ಬಂತು? ಭೂಮಿಯ ಅಕ್ಷದ ಓರೆ ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕೂವರೆ ಡಿಗ್ರಿಯೊಳಗೇ ತೂಗಾಡುತ್ತದೆ. ದೊಡ್ಡ ಚಂದ್ರ ಅದನ್ನು ಹಿಡಿದಿಟ್ಟಿದ್ದಾನೆ. ಅಂಥ ಊರೆಯಿಲ್ಲದ ಮಂಗಳನ ಓರೆ ಇಂದು 25 ಡಿಗ್ರಿಯಿದ್ದರೂ, ಕಾಲಾಂತರದಲ್ಲಿ 60 ಡಿಗ್ರಿಯನ್ನೂ ಮೀರಬಲ್ಲದು. ಆಗ ಧ್ರುವಗಳಿಗೆ ಬಿಸಿಲು ಹೆಚ್ಚಾಗಿ, ಅಲ್ಲಿಯ ಹಿಮ ಆವಿಯಾಗಿ ಬಂದು ನಡುಸೀಮೆಯ ಬೆಟ್ಟಗಳ ಮೇಲೆ ಬೀಳುತ್ತದೆ.

ಹಾಗಾದರೆ ಒಮ್ಮೆ ನೀರನ್ನು ಹರಿಯಬಿಟ್ಟ ಆ ದಟ್ಟವಾದ ಗಾಳಿ ಎಲ್ಲಿ ಹೋಯಿತು? 2014ರ ಸೆಪ್ಟೆಂಬರಿನಲ್ಲಿ ಎರಡು ದಿನಗಳ ಅಂತರದಲ್ಲಿ ಎರಡು ನೌಕೆಗಳು ಮಂಗಳನನ್ನು ಸೇರಿದವು: ಅಮೆರಿಕದ ಮೇವೆನ್, ಮತ್ತು ಬೆಂಗಳೂರಿನ ಕೇಂದ್ರದಿಂದ ನಡೆಸಲ್ಪಟ್ಟ ನಮ್ಮ ಮಂಗಳಯಾನ. ಎರಡೂ ವಾಯುಮಂಡಲದ ಹೊರ ಅಂಚನ್ನು ಪರೀಕ್ಷಿಸಿದವು. ಮಂಗಳನ ಗಾಳಿ ಇಂದಿಗೂ ಆಕಾಶಕ್ಕೆ ಸೋರುತ್ತಿದೆ. ಹಿಂದೆ ಇನ್ನೂ ಬೇಗ ಸೋರಿತು. ಅದರ ಆರ್ಗಾನ್ ಅನಿಲದಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ಹೋಗಿದೆಯೆಂದು ಮೇವೆನ್‌ನ ಅಳತೆಗಳು 2017ರಲ್ಲಿ ತೋರಿಸಿದವು.

ಮಳೆಯೋ ಹಿಮವೋ ಎಂಬ ತೀರ್ಪು ಇನ್ನೂ ಬಂದಿಲ್ಲ. ಬೆಚ್ಚಗಿನ ದಿನಗಳು ದೀರ್ಘಕಾಲ ನಿಂತಿದ್ದರೆ ಜೀವಕ್ಕೆ ವೇಳೆ ಸಿಕ್ಕಿತ್ತು. ನಡುನಡುವೆ ಮಾತ್ರ ಕರಗಿದ್ದರೆ ಆ ವೇಳೆ ಕಡಿಮೆ. ಆದರೆ ಒಂದು ಮಾತು ಖಚಿತ. ಒಂದು ಗ್ರಹ ಹೊಳೆ ಕೆರೆಗಳನ್ನು ಕಂಡು, ಅವನ್ನು ಉಳಿಸಿಕೊಳ್ಳಲಾರದೆ ಹೋಯಿತು. ನಮ್ಮ ಗಾಳಿ, ನಮ್ಮ ಮಳೆ, ನಮ್ಮ ಋತುಗಳ ನಿಯಮ, ಇವು ಗ್ರಹವೆಂದ ಮಾತ್ರಕ್ಕೆ ದೊರೆಯುವ ಸೊತ್ತಲ್ಲ. ರಾತ್ರಿ ಆ ಕೆಂಪು ಚುಕ್ಕೆಯನ್ನು ನೋಡುವಾಗ ಇದು ನೆನಪಾದರೆ ಸಾಕು.