ಹೊಸ ಕ್ಲಚ್ ಕೇಬಲ್ ಹಾಕಿದ ಮೇಲೂ ಪೆಡಲ್ ಹಾರ್ಡ್ ಇದೆಯಾ? ತಪ್ಪು ಎಲ್ಲಿದೆ ಅಂತ ಹೀಗೆ ಹುಡುಕಿ

ಈ ವಾರ ಬೆಳೆ ವಿಷಯ ಅಲ್ಲ, ಬೆಳೆದದ್ದನ್ನು ಮಾರ್ಕೆಟ್‌ಗೆ ಮುಟ್ಟಿಸುವ ಗಾಡಿ ವಿಷಯ.

ಕಳೆದ ಟೊಮೆಟೊ ಸೀಸನ್‌ನಲ್ಲಿ ನಮ್ಮ ಸಣ್ಣ ಗೂಡ್ಸ್ ಗಾಡಿಯ ಕ್ಲಚ್ ಕೇಬಲ್ ತುಂಡಾಯ್ತು. ಹತ್ತಿರದ ಗ್ಯಾರೇಜ್‌ನಲ್ಲಿ ಹೊಸದು ಹಾಕಿಸಿದೆವು. ಗಾಡಿ ಹೊರಗೆ ತೆಗೆಯುವಾಗಲೇ ಪೆಡಲ್ ಹಾರ್ಡ್ ಅನಿಸಿತು. ಕೇಳಿದ್ದಕ್ಕೆ, "ಹೊಸ ಕೇಬಲ್ ಅಲ್ವಾಣ್ಣ, ನಾಲ್ಕು ದಿನ ಓಡಿಸಿ, ಫ್ರೀ ಆಗುತ್ತೆ" ಅಂದರು. ನಾವೂ ನಂಬಿದೆವು. ಮೂರು ವಾರ ಕಳೆದಿರಲಿಲ್ಲ, ಬೆಳಗಿನ ಜಾವ ಕೋಲಾರ ಎಪಿಎಂಸಿಗೆ ಲೋಡ್ ತಗೊಂಡು ಹೋಗುವಾಗ ಆ ಕೇಬಲ್ಲೂ ದಾರಿಯಲ್ಲೇ ತುಂಡಾಯ್ತು. ಬೇರೆ ಗಾಡಿ ಕರೆಸಿ, ಬಾಕ್ಸ್‌ಗಳನ್ನೆಲ್ಲ ಅದಕ್ಕೆ ಹಾಕಿಕೊಂಡು ಹೋಗುವಷ್ಟರಲ್ಲಿ ನಮ್ಮ ಮಂಡಿಯಲ್ಲಿ ಹರಾಜು ಮುಗಿದಿತ್ತು. ಸಿಕ್ಕಿದ ರೇಟಿಗೆ ಕೊಟ್ಟು ಬಂದೆವು.

ಮನೆಗೆ ಬಂದು ಎರಡೂ ಕೇಬಲ್ ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಗೊತ್ತಾಯ್ತು. ಎರಡೂ ಒಂದೇ ಜಾಗದಲ್ಲಿ, ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ, ಎಳೆ ಎಳೆಯಾಗಿ ಬಿಚ್ಚಿಕೊಂಡು ತುಂಡಾಗಿದ್ದವು. ಅಂದರೆ ಕೇಬಲ್ ಕೆಟ್ಟು ಪೆಡಲ್ ಹಾರ್ಡ್ ಆಗಿರಲಿಲ್ಲ. ಬೇರೆ ಎಲ್ಲೋ ಹಾರ್ಡ್ ಆಗಿ ಕೇಬಲ್ ತುಂಡಾಗಿತ್ತು. ಹಾಗಾಗಿ ಕೇಬಲ್ ಬದಲಿಸುವ ಮೊದಲು "ಇದು ಯಾಕೆ ತುಂಡಾಯ್ತು?" ಅಂತ ಕೇಳಿಕೊಳ್ಳಿ.

ಮೊದಲು ಕ್ಲಚ್ ಕೆಲಸ ಮಾಡೋದು ಹೇಗೆ ನೋಡಿ

ಪೆಡಲ್ ತುಳಿದಾಗ ಕೇಬಲ್ ಒಳಗಿನ ತಂತಿ, ಗೇರ್‌ಬಾಕ್ಸ್ ಹತ್ತಿರ ಇರುವ ಫೋರ್ಕ್‌ನ ಕೈಯನ್ನು ಎಳೆಯುತ್ತೆ. ಫೋರ್ಕ್ ರಿಲೀಸ್ ಬೇರಿಂಗನ್ನು ತಳ್ಳುತ್ತೆ. ಬೇರಿಂಗ್ ಪ್ರೆಷರ್ ಪ್ಲೇಟ್‌ನ ಸ್ಪ್ರಿಂಗನ್ನು ಒತ್ತಿದಾಗ ಕ್ಲಚ್ ಪ್ಲೇಟ್ ಬಿಡುಗಡೆ ಆಗುತ್ತೆ. ಈ ಸಾಲಿನಲ್ಲಿ ಯಾವ ಒಂದು ಕಡೆ ಹಿಡಿದರೂ ಅದರ ಭಾರ ನಿಮ್ಮ ಕಾಲಿಗೆ ಮತ್ತು ಕೇಬಲ್‌ಗೆ ಬರುತ್ತೆ.

ಇದು ಮಾರುತಿ ಓಮ್ನಿಯಂಥ ಕೇಬಲ್ ಕ್ಲಚ್ ಇರುವ ಗಾಡಿಗಳಿಗೆ ಹೇಳಿದ ಮಾತು. ಕ್ಲಚ್‌ಗೆ ಆಯಿಲ್ ಹಾಕುವ ಗಾಡಿಯಾದರೆ ಅದು ಹೈಡ್ರಾಲಿಕ್, ಅದರ ಲೆಕ್ಕವೇ ಬೇರೆ. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಕೇಬಲ್ ಬದಲು ರಾಡ್ ಇರುತ್ತೆ.

ಶುರು ಮಾಡುವ ಮುಂಚೆ

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಆನ್, ಚಕ್ರಕ್ಕೆ ಕಲ್ಲು ಕೊಡಿ. ಸೈಲೆನ್ಸರ್ ಪೈಪ್ ತಣ್ಣಗಾಗಲಿ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

ಏನನ್ನಾದರೂ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ: ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಕ್ಲಿಪ್‌ನಲ್ಲಿ ಕೂತಿದೆ, ಅಡ್ಜಸ್ಟ್ ನಟ್ ಹೊರಗೆ ಎಷ್ಟು ಮರೆ ಕಾಣುತ್ತೆ.

1. ಕೇಬಲ್ ಹೋಗುವ ದಾರಿ ನೋಡಿ

ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ಒಂದೇ ಕೈಯಲ್ಲಿ ಎತ್ತನ್ನು ಹಿಡಿದು ನಿಲ್ಲಿಸಬಹುದಲ್ವಾ? ಕೇಬಲ್ ಕಥೆಯೂ ಅದೇ. ತಿರುವು ಜಾಸ್ತಿ ಆದಷ್ಟೂ ಒಳಗಿನ ತಂತಿ ಹಿಡಿಯುತ್ತೆ. ಕ್ಲಿಪ್ ಬಿಟ್ಟುಹೋಗಿದೆಯಾ, ಟ್ಯಾಗ್ ಹಾಕಿ ಬಿಗಿಯಾಗಿ ಕಟ್ಟಿದ್ದಾರಾ, ಸೈಲೆನ್ಸರ್‌ಗೆ ತಾಗುತ್ತಾ, ಎರಡೂ ತುದಿಯ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿ. ಹಳೆ ಕೇಬಲ್ ಜೊತೆ ಹೊಸದರ ಉದ್ದ ಅಳೆಯಿರಿ. ಒಂದೇ ಗಾಡಿಯ ಬೇರೆ ಬೇರೆ ಮಾಡೆಲ್‌ಗೆ ಕೇಬಲ್ ಬೇರೆ ಇರಬಹುದು. ಹಳೆ ಕೇಬಲ್ ಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದು ಅಂಗಡಿಯಲ್ಲಿ ತೋರಿಸಿ.

2. ಫ್ರೀ ಪ್ಲೇ ಅಳೆಯಿರಿ

ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಭಾರ ಸಿಗುವ ತನಕ ಅದು ಸುಮ್ಮನೆ ಎಷ್ಟು ಹೋಗುತ್ತೋ ಅದೇ ಫ್ರೀ ಪ್ಲೇ. ಪಕ್ಕದಲ್ಲಿ ಸ್ಕೇಲ್ ಹಿಡಿದು ಅಳೆಯಿರಿ. ಹಲವು ಗಾಡಿಗಳಲ್ಲಿ ಇದು 15ರಿಂದ 25 ಮಿ.ಮೀ. ಆಸುಪಾಸು. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವ ಅಳತೆಯೇ ಫೈನಲ್. ತಾನಾಗೇ ಅಡ್ಜಸ್ಟ್ ಆಗುವ ಕ್ಲಚ್‌ಗೆ ಈ ಲೆಕ್ಕ ಬೇಡ.

ಕೇಬಲ್ ತುಂಬಾ ಟೈಟ್ ಮಾಡಿದ್ದರೆ ಶುರುವಿನಿಂದಲೇ ಭಾರ ಸಿಗುತ್ತೆ. ಅಷ್ಟೇ ಅಲ್ಲ, ರಿಲೀಸ್ ಬೇರಿಂಗ್ ಸದಾ ಉಜ್ಜುತ್ತಾ ಇರುತ್ತೆ, ಕ್ಲಚ್ ಸ್ಲಿಪ್ ಆಗಿ ಪ್ಲೇಟ್ ಸುಡುತ್ತೆ. ತುಂಬಾ ಲೂಸ್ ಆದರೆ ಗೇರ್ ಕರಕರ ಅನ್ನುತ್ತೆ. ಅಡ್ಜಸ್ಟ್ ಮಾಡಿದ ಮೇಲೆ ಲಾಕ್ ನಟ್ ಮರೆಯಬೇಡಿ.

3. ಗೇರ್‌ಬಾಕ್ಸ್ ಕಡೆ ಕೇಬಲ್ ಬಿಚ್ಚಿ ನೋಡಿ

ಈಗ ಪೆಡಲನ್ನು ಕೈಯಲ್ಲೇ ಒತ್ತಿ.

ಈಗಲೂ ಹಾರ್ಡ್ ಇದ್ದರೆ ತಪ್ಪು ಕೇಬಲ್‌ನಲ್ಲಿ ಅಥವಾ ಪೆಡಲ್ ಬುಷ್‌ನಲ್ಲಿ. ಪೆಡಲ್ ಕಡೆಯೂ ಕೇಬಲ್ ಬಿಚ್ಚಿ, ಎರಡನ್ನೂ ಬೇರೆ ಬೇರೆಯಾಗಿ ಆಡಿಸಿ. ಕೇಬಲ್ ತಂತಿ ಬೆರಳಲ್ಲಿ ಎಳೆದರೆ ಸಲೀಸಾಗಿ ಹೋಗಬೇಕು.

ಪೆಡಲ್ ಹಗುರ ಆಯ್ತು ಅಂದರೆ ಅನುಮಾನ ಫೋರ್ಕ್ ಕಡೆಗೆ. ಆದರೆ ಒಂದು ಮಾತು: ಭಾರ ಇಲ್ಲದಾಗ ವಕ್ರವಾಗಿ ಕೂತ ಕೇಬಲ್ ಕೂಡ ಸಲೀಸಾಗೇ ಕಾಣುತ್ತೆ. ಅದಕ್ಕೇ ಮೊದಲು ದಾರಿ ಸರಿಮಾಡಿ ಆಮೇಲೆ ಈ ಪರೀಕ್ಷೆ ಮಾಡಿ.

4. ಫೋರ್ಕ್ ಕೈಯನ್ನು ಆಡಿಸಿ

ಬೇರಿಂಗ್ ಸ್ಪ್ರಿಂಗ್‌ಗೆ ತಾಗುವ ತನಕ ಅದು ಸ್ವಲ್ಪ ದೂರ ಸುಲಭವಾಗಿ ಹೋಗಬೇಕು. ಆಮೇಲೆ ಕೈಗೆ ಬಗ್ಗದೇ ಇರೋದು ಸಹಜ. ಆ ಸ್ವಲ್ಪ ದೂರದಲ್ಲೇ ಕಚ್ಚಿಕೊಂಡರೆ ಅಥವಾ ಕರಕರ ಅಂದರೆ ಫೋರ್ಕ್ ಶಾಫ್ಟ್ ಬುಷ್ ಒಣಗಿದೆ ಅಥವಾ ತುಕ್ಕು ಹಿಡಿದಿದೆ. ನಮ್ಮ ಗಾಡಿಯಲ್ಲಿ ಆಗಿದ್ದು ಇದೇ. ಕೆಸರು ರಸ್ತೆಯ ನೀರು ಹೋಗಿ ಹೋಗಿ ಬುಷ್ ಹಿಡಿದುಬಿಟ್ಟಿತ್ತು.

ಫೋರ್ಕ್ ಸಲೀಸಾಗಿದ್ದು, ಪೆಡಲ್ ಮಾತ್ರ ಕೆಲವು ತಿಂಗಳಿಂದ ನಿಧಾನವಾಗಿ ಹಾರ್ಡ್ ಆಗುತ್ತಾ ಬಂದಿದ್ದರೆ ಕ್ಲಚ್ ಪ್ಲೇಟ್ ಸವೆದಿರಬಹುದು. ಪ್ಲೇಟ್ ತೆಳ್ಳಗಾದಂತೆ ಸ್ಪ್ರಿಂಗ್ ಕೂರುವ ಕೋನ ಬದಲಾಗಿ ಒತ್ತೋಕೆ ಹೆಚ್ಚು ಬಲ ಬೇಕಾಗುತ್ತೆ. ಲೋಡ್‌ನಲ್ಲಿ ದಿಣ್ಣೆ ಹತ್ತುವಾಗ ಎಂಜಿನ್ ಸದ್ದು ಏರಿ ಗಾಡಿ ಓಡದಿದ್ದರೆ ಅನುಮಾನ ಇನ್ನೂ ಗಟ್ಟಿ.

ಈ ಎರಡೂ ಕೆಲಸಕ್ಕೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಬೇಕು, ಮೆಕ್ಯಾನಿಕ್‌ಗೇ ಬಿಡಿ. ಇಳಿಸಿದಾಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲವನ್ನೂ ಒಟ್ಟಿಗೆ ನೋಡಿಸಿ. ಬುಷ್ ಸಣ್ಣ ಪಾರ್ಟು, ಇಳಿಸಿ ಏರಿಸುವ ಕೂಲಿಯೇ ದೊಡ್ಡದು. ಅದನ್ನು ಎರಡು ಸಲ ಕೊಡೋದು ಬೇಡ.

ಈ ತಪ್ಪು ಮಾಡಬೇಡಿ

ಹಾರ್ಡ್ ಇದೆ ಅಂತ ಕೇಬಲ್ ಒಳಗೆ ಎಂಜಿನ್ ಆಯಿಲ್ ಸುರಿಯಬೇಡಿ. ಈಗಿನ ಹಲವು ಕೇಬಲ್‌ಗಳ ಒಳಗೆ ಪ್ಲಾಸ್ಟಿಕ್ ಕೊಳವೆ ಇರುತ್ತೆ, ಆಯಿಲ್ ಬೇಕಾಗಲ್ಲ. ಹಾಕಿದರೆ ಧೂಳು ಅಂಟಿ ಇನ್ನಷ್ಟು ಹಿಡಿಯುತ್ತೆ. ಗ್ರೀಸ್ ಬೇಕಾದ್ದು ಪೆಡಲ್ ಪಿನ್‌ಗೆ ಮತ್ತು ತುದಿಯ ಕೊಂಡಿಗೆ, ಅದೂ ಸ್ವಲ್ಪ.

ಹೊಸ ಕೇಬಲ್ ಸರಿಯಾಗಿ ಕೂತರೆ ಪೆಡಲ್ ಮೊದಲ ದಿನವೇ ಹಗುರ ಇರಬೇಕು. "ಓಡಿಸ್ತಾ ಓಡಿಸ್ತಾ ಫ್ರೀ ಆಗುತ್ತೆ" ಅಂದರೆ ಒಪ್ಪಬೇಡಿ, ಗ್ಯಾರೇಜ್‌ನಲ್ಲೇ ನಿಂತು ಫೋರ್ಕ್ ಆಡಿಸಿ ತೋರಿಸಿ ಅನ್ನಿ. ಕೊಯ್ಲು ಶುರುವಾಗುವ ವಾರದ ಮುಂಚೆ ಈ ನಾಲ್ಕು ಪರೀಕ್ಷೆ ಮಾಡಿಬಿಡಿ. ಮಾಲು ತುಂಬಿದ ಮೇಲೆ ರಾತ್ರಿ ರಸ್ತೆಯಲ್ಲಿ ನಿಂತು ಮಾಡುವ ಕೆಲಸ ಅಲ್ಲ ಇದು.