ಒಂದು ವರ್ಷದ ಸಾಧನೆ: ವಿಶ್ವವಿದ್ಯಾಲಯದ ಅಂಗಳದಲ್ಲಿ ನೃತ್ಯ ಮತ್ತು ನಾಟ್ಯ

ವಿಶ್ವವಿದ್ಯಾಲಯಗಳ ವಾರ್ಷಿಕ ವರದಿಗಳಲ್ಲಿ ನೃತ್ಯ ಮತ್ತು ನಾಟಕ ವಿಭಾಗಗಳಿಗೆ ಮೀಸಲಾದ ಪುಟಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಎಷ್ಟು ಪ್ರಯೋಗಗಳಾದುವು, ಎಷ್ಟು ಸ್ಪರ್ಧೆಗಳಲ್ಲಿ ಬಹುಮಾನ ಬಂದಿತು, ಯಾವ ಗಣ್ಯರು ದಯಮಾಡಿಸಿದ್ದರು, ಎಷ್ಟು ಮಂದಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು ಎಂಬಿಷ್ಟನ್ನು ಹೇಳಿ ಆ ಪುಟಗಳು ಮುಗಿಯುತ್ತವೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪ್ರಯೋಗವೆಂಬುದು ತೆರೆ ಬಿದ್ದೊಡನೆ ಇಲ್ಲವಾಗತಕ್ಕ ವಸ್ತು. ಬಹುಮಾನದ ಪಾತ್ರೆಯಾದರೋ ಮರುವರ್ಷ ಬೇರೊಬ್ಬರ ಕಪಾಟನ್ನು ಸೇರುವಂಥದು. ಹಾಗಾದರೆ ಇಂಥ ವಿಭಾಗವೊಂದರ ವರ್ಷದ ದುಡಿಮೆಯನ್ನು ಯಾವುದರಿಂದ ಅಳೆಯಬೇಕು? ಈ ಪ್ರಶ್ನೆಗೆ ಮುಂಬಯಿಯ ನೃತ್ಯಶಿಕ್ಷಣದ ಇತಿಹಾಸದಲ್ಲಿ ಒಂದು ಉತ್ತರ ದೊರೆಯುತ್ತದೆ. ಆ ಉತ್ತರವನ್ನು ಅರಿಯಬೇಕಾದರೆ 1970–71ರ ವರ್ಷವನ್ನು ವಿಶೇಷವಾಗಿ ಪರಿಶೀಲಿಸಬೇಕು.

ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದುದು 1857ರಲ್ಲಿ. ಉತ್ತರ ಕರ್ನಾಟಕದ ಹಲವು ತಲೆಮಾರುಗಳ ವಿದ್ಯಾವಂತರು ಅದರ ಪದವೀಧರರೇ. ಕರ್ನಾಟಕ ವಿಶ್ವವಿದ್ಯಾಲಯವು ಸಹ 1949ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿಯೇ ಜನ್ಮ ತಾಳಿ ಮರುವರ್ಷ ಧಾರವಾಡಕ್ಕೆ ಹೋಯಿತೆಂಬುದು ಇಂದಿನ ತರುಣರಿಗೆ ಸೋಜಿಗವೆನಿಸೀತು. ಆ ಕಾಲದ ವಿದ್ಯಾರ್ಥಿಯು ಕಾಲಿದಾಸನ ಮೇಲೆ ಪ್ರಬಂಧ ಬರೆದು ಪದವಿ ಪಡೆಯಬಹುದಿತ್ತು. ಮಾಲವಿಕೆಯು ರಾಜನ ಮುಂದೆ ಹೇಗೆ ಹೆಜ್ಜೆಯಿಟ್ಟಿರಬಹುದೆಂಬುದನ್ನು ಕಾಲಿನಿಂದ ತೋರಿಸಿ ಪದವಿ ಪಡೆಯುವಂತಿರಲಿಲ್ಲ. ಆ ವಿದ್ಯೆ ನಗರದಲ್ಲಿ ಇರಲಿಲ್ಲವೆಂದಲ್ಲ. ತಂಜಾವೂರಿನ ಪರಂಪರೆಯ ನಟ್ಟುವನಾರರು 1945ರಲ್ಲಿಯೇ ಮಾಟುಂಗಾದಲ್ಲಿ ಶ್ರೀ ರಾಜರಾಜೇಶ್ವರಿ ಭರತನಾಟ್ಯ ಕಲಾಮಂದಿರವನ್ನು ತೆರೆದಿದ್ದರು. ಆದರೆ ಗುರುಗಳ ಪಾಠ ಒಂದು ಲೋಕ, ಕಾಲೇಜಿನ ಪಾಠ ಇನ್ನೊಂದು ಲೋಕ. ಸಂಜೆ ತಟ್ಟುಗೋಲಿನ ಎದುರು ಕಲಿತುದಕ್ಕೂ ಹಗಲು ಪುಸ್ತಕದಲ್ಲಿ ಓದಿದುದಕ್ಕೂ ಮಾತುಕತೆಯಿರಲಿಲ್ಲ. ನೃತ್ಯ ನಾಟಕಗಳಿಗೆ ಪದವಿಯ ಮನ್ನಣೆ ಕೊಡುವುದರಲ್ಲಿ ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯವು ಮುಂಬಯಿಗಿಂತ ಮುಂದಿತ್ತು.

ಮುಂಬಯಿಯಲ್ಲಿ ಈ ಎರಡು ಲೋಕಗಳನ್ನು ಬೆಸೆದವರಲ್ಲಿ ಮೊದಲು ಹೇಳಬೇಕಾದ ಹೆಸರು ಕನಕ ರೇಳೆಯವರದು. ಗುಜರಾತಿನಲ್ಲಿ 1937ರಲ್ಲಿ ಹುಟ್ಟಿದ ಇವರು ಏಳನೆಯ ವಯಸ್ಸಿನಿಂದ ‘ಪಾಂಚಾಲಿ’ ಕರುಣಾಕರ ಪಣಿಕ್ಕರರಲ್ಲಿ ಕಥಕಳಿಯನ್ನು ಕಲಿತರು; ನ್ಯಾಯಶಾಸ್ತ್ರವನ್ನು ಓದಿ ವಕೀಲರಾಗುವ ಅರ್ಹತೆಯನ್ನೂ ಪಡೆದರು. ಸಾಕ್ಷ್ಯವಿಲ್ಲದೆ ಯಾವ ಮಾತನ್ನೂ ಒಪ್ಪದ ಆ ಶಾಸ್ತ್ರದ ಅಭ್ಯಾಸವು ಅವರ ನೃತ್ಯಚಿಂತನೆಯಲ್ಲಿಯೂ ಉಳಿದುಕೊಂಡಿತೆಂದು ಊಹಿಸಿದರೆ ತಪ್ಪಾಗಲಾರದು. 1966ರಲ್ಲಿ ಅವರು ನಾಲಂದಾ ನೃತ್ಯ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಅದೇ ಸುಮಾರಿಗೆ ಕಲಾಮಂಡಲಂ ರಾಜಲಕ್ಷ್ಮಿಯವರಲ್ಲಿ ಮೋಹಿನಿಯಾಟ್ಟಂ ಕಲಿಯತೊಡಗಿದರು.

ಮೋಹಿನಿಯಾಟ್ಟಂ ಕೇರಳದ ಸ್ತ್ರೀಯರ ಲಾಸ್ಯಪ್ರಧಾನವಾದ ನೃತ್ಯ. ಮಹಾಕವಿ ವಳ್ಳತ್ತೋಳರು 1930ರಲ್ಲಿ ಸ್ಥಾಪಿಸಿದ ಕೇರಳ ಕಲಾಮಂಡಲವು ಕಥಕಳಿಗೆ ನೀಡಿದಷ್ಟು ಗಟ್ಟಿಯಾದ ನೆಲೆಯನ್ನು ಇದಕ್ಕೆ ಆರಂಭದಲ್ಲಿ ನೀಡಲಾಗಿರಲಿಲ್ಲ. ಕಲೆಯ ಬಹುಭಾಗ ಕೆಲವೇ ವೃದ್ಧ ನರ್ತಕಿಯರ ನೆನಪಿನಲ್ಲಿ ಉಳಿದಿತ್ತು. ಸಂಗೀತ ನಾಟಕ ಅಕಾಡೆಮಿಯ ಸಹಾಯಧನದಿಂದಲೂ ಆಮೇಲೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದಲೂ ಕನಕ ರೇಳೆಯವರು 1970–71ರಲ್ಲಿ ಕೇರಳಕ್ಕೆ ಹೋಗಿ ಕುಂಜುಕುಟ್ಟಿ ಅಮ್ಮ, ಚಿನ್ನಮ್ಮು ಅಮ್ಮ, ಕಲ್ಯಾಣಿಕುಟ್ಟಿ ಅಮ್ಮ ಮೊದಲಾದವರ ನೃತ್ಯವನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದರು. ನೋಡುವುದಕ್ಕೆ ಇದು ಸಣ್ಣ ಕೆಲಸ. ಸಭೆಯಿಲ್ಲ, ಚಪ್ಪಾಳೆಯಿಲ್ಲ, ಮುಪ್ಪಿನಲ್ಲಿ ದೇಹ ಮೊದಲಿನಂತೆ ಬಾಗಲೊಲ್ಲದಿದ್ದರೂ ಕೈಕಣ್ಣುಗಳಲ್ಲಿ ವಿದ್ಯೆ ನಿಂತಿರುವವರ ಮುಂದೆ ಒಂದು ಯಂತ್ರವನ್ನಿಟ್ಟುಕೊಂಡು ಕುಳಿತಿರುವುದಷ್ಟೆ. ಆದರೆ ಮುಂದೆ ನಡೆದುದಕ್ಕೆಲ್ಲ ಈ ಕೆಲಸವೇ ಬುನಾದಿಯಾಯಿತು.

ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಗುರುವಿನ ಎದುರು ಕಲಿಯುವ ಶಿಷ್ಯೆಯು ಒಂದು ಚಲನೆಯನ್ನು ಇಡಿಯಾಗಿ ಅನುಕರಿಸುತ್ತಾಳೆ. ಅದನ್ನು ಬಿಡಿಸಿ ಹೇಳುವ ಅಗತ್ಯ ಗುರುವಿಗೂ ಇಲ್ಲ, ಶಿಷ್ಯೆಗೂ ಇಲ್ಲ. ಒಂದೇ ತರಗತಿಯಲ್ಲಿ ಹಲವರಿಗೆ ಕಲಿಸಿ, ಬೇರೊಬ್ಬ ಪರೀಕ್ಷಕರ ಮುಂದೆ ನಿಲ್ಲಿಸಿ, ಈಕೆ ಮಾಡಿದುದು ಸರಿ, ಆಕೆ ಮಾಡಿದುದು ಅರೆಸರಿ ಎಂದು ತೀರ್ಮಾನಿಸಬೇಕಾದಾಗ ಮಾತ್ರ ಆ ಇಡಿಯನ್ನು ಬಿಡಿಗಳನ್ನಾಗಿ ಒಡೆಯಬೇಕಾಗುತ್ತದೆ. ಪಾದ ಎಲ್ಲಿದೆ, ಮಂಡಿ ಎಷ್ಟು ಬಾಗಿದೆ, ಸೊಂಟದಿಂದ ಮೇಲಿನ ದೇಹ ಯಾವ ದಿಕ್ಕಿಗೆ ತೂಗುತ್ತಿದೆ, ಕೈ ಯಾವ ದಾರಿಯಲ್ಲಿ ಹೋಗಿ ಎಷ್ಟು ಮಾತ್ರೆಗಳಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಪ್ರತ್ಯೇಕ ಉತ್ತರಗಳು ಬೇಕಾಗುತ್ತವೆ. ಭರತನಾಟ್ಯದ ಅಡವುಗಳಲ್ಲಿ ರೇಖೆಗಳು ನೇರವಾಗಿ, ನಿಲುಗಡೆಗಳು ಖಚಿತವಾಗಿ ಇರುವುದರಿಂದ ಈ ಕೆಲಸ ಅಷ್ಟು ಕಠಿಣವಲ್ಲ. ತಗಣ, ಜಗಣ, ಧಗಣ, ಸಮ್ಮಿಶ್ರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಲ್ಪಟ್ಟಿರುವ ಮೋಹಿನಿಯಾಟ್ಟದ ಅಡವುಗಳಲ್ಲಾದರೋ ದೇಹವು ಹಿನ್ನೀರಿನ ದೋಣಿಯಂತೆ ಸುತ್ತಿ ತೂಗುತ್ತದೆ. ಒಂದು ಚಲನೆ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಮೊದಲಾಯಿತೆಂದು ಹೇಳುವುದೇ ಕಷ್ಟ. ಚಿತ್ರವನ್ನು ಮತ್ತೆ ಮತ್ತೆ ತಿರುಗಿಸಿ ನೋಡುವ ಅನುಕೂಲ ಇಲ್ಲಿ ಬಹಳ ಬೆಲೆಯುಳ್ಳದ್ದು. ಹೀಗೆ ಕಂಡುದನ್ನು ಕನಕ ರೇಳೆಯವರು ನಾಟ್ಯಶಾಸ್ತ್ರ, ಹಸ್ತಲಕ್ಷಣದೀಪಿಕೆ, ತಿರುವಾಂಕೂರಿನ ಕಾರ್ತಿಕ ತಿರುನಾಳ್ ಮಹಾರಾಜನ ಬಾಲರಾಮಭರತ — ಈ ಗ್ರಂಥಗಳೊಡನೆ ತಾಳೆ ನೋಡಿದರು. ದೇಹಚಲನೆಯನ್ನು ಗುರುತುಗಳಿಂದ ಬರೆದಿಡುವ ಒಂದು ಪದ್ಧತಿಯನ್ನು ರೂಪಿಸಿದರು. ಅದರಿಂದ ಪಾಠಕ್ರಮವನ್ನು ಕಟ್ಟಿದರು. ಸಂಗೀತದಲ್ಲಿ ಕಾವಾಲಂ ನಾರಾಯಣ ಪಣಿಕ್ಕರರ ಸಹಕಾರದಿಂದ ಕೇರಳದ ಸೋಪಾನ ಶೈಲಿಯನ್ನು ತಂದುಕೊಂಡರು.

ಮುಂದೆ 1972ರಲ್ಲಿ ನಾಲಂದಾ ನೃತ್ಯಕಲಾ ಮಹಾವಿದ್ಯಾಲಯ ಆರಂಭವಾಯಿತು. ಜುಹುವಿನಲ್ಲಿರುವ ಈ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿ ನೃತ್ಯದಲ್ಲಿ ಪದವಿಶಿಕ್ಷಣವನ್ನು ನೀಡುತ್ತ ಬಂದಿತು. ಸ್ಥಾಪಕಿಯು ಅದೇ ವಿಶ್ವವಿದ್ಯಾಲಯದಿಂದ ನೃತ್ಯದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯ ಲಲಿತಕಲಾ ವಿಭಾಗಕ್ಕೆ ಡೀನರೂ ಆದರು. ಪದ್ಮಶ್ರೀ, ಪದ್ಮಭೂಷಣ ಪ್ರಶಸ್ತಿಗಳು ಕ್ರಮವಾಗಿ 1990ರಲ್ಲಿಯೂ 2013ರಲ್ಲಿಯೂ ಬಂದುವು. ವಾರ್ಷಿಕ ವರದಿಗಳು ಮೊದಲು ಎತ್ತಿ ಹೇಳುವುದು ಈ ಕೊನೆಯ ಸಂಗತಿಗಳನ್ನೇ.

ಈ ಲಾಭಕ್ಕೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ನ್ಯಾಯವಾಗದು. ಮೂವರು ವೃದ್ಧೆಯರು ಒಂದೇ ಅಡವನ್ನು ಮೂರು ಬಗೆಯಾಗಿ ಮಾಡಿದ್ದರೆ ಪರೀಕ್ಷೆಗೆ ಬೇಕಾದುದು ಅವುಗಳಲ್ಲಿ ಒಂದು. ಉಳಿದ ಎರಡು ಪಾಠಪಟ್ಟಿಯಿಂದ ಹೊರಗುಳಿಯುತ್ತವೆ. ಹೊರಗುಳಿದುದು ಮೆಲ್ಲಗೆ ತಪ್ಪೆನಿಸಿಕೊಳ್ಳುತ್ತದೆ. ಅಂಕಕ್ಕಾಗಿ ಕಲಿಯುವ ವಿದ್ಯಾರ್ಥಿನಿಯು ಸಂದೇಹಕ್ಕೆ ಎಡೆಯಿಲ್ಲದ ರೂಪವನ್ನೇ ಬಯಸುವುದು ಸಹಜ. ಪಠ್ಯಕ್ರಮವು ಕಲೆಯನ್ನು ಉಳಿಸುವಂತೆಯೇ ಒಂದಿಷ್ಟನ್ನು ಜರಡಿ ಹಿಡಿದು ಚೆಲ್ಲುತ್ತದೆ. ಚೆಲ್ಲಿಹೋದುದನ್ನು ಮತ್ತೆ ಹುಡುಕಲು ಇರುವ ಒಂದೇ ಸಾಧನ ಆ ಮೊದಲಿನ ದಾಖಲೆ. ಆದುದರಿಂದಲೇ ಪಾಠಪಟ್ಟಿಗಿಂತ ಚಲಚ್ಚಿತ್ರವೇ ದೊಡ್ಡ ಸಾಧನೆಯೆನ್ನಬೇಕಾಗುತ್ತದೆ.

ಕನ್ನಡಿಗರು ಗಮನಿಸತಕ್ಕ ಸಂಗತಿಯೆಂದರೆ, ಅದೇ 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಪ್ರಾರಂಭವಾಯಿತು. ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರ ಸಂಘಟನಾಶಕ್ತಿ, ಡಾ. ಶಿವರಾಮ ಕಾರಂತರ ಮಾರ್ಗದರ್ಶನ — ಇವೆರಡರ ಫಲ ಅದು. ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಗ್ರಂಥದಲ್ಲಿದ್ದ ವಿಚಾರಕ್ಕೆ ಉಡುಪಿಯಲ್ಲಿ ಕಾಲುಗಳು ದೊರಕಿದುವು. ಮದ್ದಳೆಗಾರರಾದ ಹಿರಿಯಡಕ ಗೋಪಾಲ ರಾಯರು, ಭಾಗವತರಾದ ನೀಲಾವರ ರಾಮಕೃಷ್ಣಯ್ಯನವರು ಮೊದಲಾದವರು ಅಲ್ಲಿ ಗುರುಗಳಾದರು. ಗೋಪಾಲ ರಾಯರಲ್ಲಿ ಕಲಿತ ಅಮೆರಿಕದ ಮಾರ್ತಾ ಆಷ್ಟನ್ ಎಂಬಾಕೆಯು ಯಕ್ಷಗಾನದ ಮೇಲೆಯೇ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪಡೆದಳು. ನಮ್ಮ ಮದ್ದಳೆಯ ಬಾಯಿಪಾಠವು ದೂರದ ವಿದ್ಯಾಪೀಠವೊಂದರ ಪುಸ್ತಕಭಂಡಾರವನ್ನು ಸೇರಿತು.

ಯಕ್ಷಗಾನದ ಸಮಸ್ಯೆ ಮೋಹಿನಿಯಾಟ್ಟದ ಸಮಸ್ಯೆಯಲ್ಲ. ಅಲ್ಲಿ ಬಲ್ಲವರು ಕಡಮೆ. ಇಲ್ಲಿ ಮೇಳಗಳು ಹಲವು, ಪ್ರೇಕ್ಷಕರು ಸಾವಿರಾರು. ಡೇರೆ ಹಾಕಿ ಟಿಕೇಟು ಮಾರುವ ಮೇಳಗಳ ಭರಾಟೆಯಲ್ಲಿ ಹಳೆಯ ಹೆಜ್ಜೆ, ಹಳೆಯ ಮಟ್ಟು, ಹಳೆಯ ವೇಷಗಾರಿಕೆ ಕರಗಿಹೋಗುತ್ತಿವೆಯೆಂಬುದೇ ಕಾರಂತರ ಕೊರಗಾಗಿತ್ತು. ಆದರೆ ಅವರು ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಮಾತನ್ನು ತೆಗೆದುಹಾಕಿ ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಸೇರಿಸಿದಾಗ, ಹಳೆಯದನ್ನು ಉಳಿಸಹೊರಟವರೇ ಹೊಸದನ್ನು ತಂದರಲ್ಲಾ ಎಂಬ ಆಕ್ಷೇಪವೂ ಎದ್ದಿತು. ಅರ್ಥಗಾರಿಕೆಯೇ ಪ್ರಾಣವೆಂದು ನಂಬಿದವರಿಗೆ ಮಾತಿಲ್ಲದ ಆಟ ಉಪ್ಪಿಲ್ಲದ ಊಟ. ಈ ವಾದ ಇನ್ನೂ ತೀರಿಲ್ಲ. ತೀರಬೇಕಾದ ಅವಸರವೂ ಇಲ್ಲ.

ಗಿರೀಶ ಕಾರ್ನಾಡರ ‘ಹಯವದನ’ ಪ್ರಕಟವಾದುದೂ 1971ರಲ್ಲಿಯೇ. ಭಾಗವತ, ಅರ್ಧತೆರೆ, ಮುಖವಾಡಗಳನ್ನು ಬಯಲಾಟದಿಂದ ತಂದುಕೊಂಡ ಆ ನಾಟಕವು ಮರುವರ್ಷ ಸತ್ಯದೇವ ದುಬೆಯವರ ನಿರ್ದೇಶನದಲ್ಲಿ ಹಿಂದಿಯಾಗಿ ಮುಂಬಯಿಯ ರಂಗವನ್ನೇರಿತು. ಯಾವ ವಿಶ್ವವಿದ್ಯಾಲಯದ ವಿಭಾಗವೂ ಇದನ್ನು ತನ್ನ ಸಾಧನೆಯೆಂದು ಹೇಳಿಕೊಳ್ಳುವಂತಿಲ್ಲ. ಹಾಗಿದ್ದರೂ ಜಾನಪದ ರಂಗಭೂಮಿ ಪಾಠಕ್ಕೆ ಯೋಗ್ಯವಾದ ವಿಷಯವೆಂದು ವಿದ್ವಾಂಸರಿಗೆ ಮನಗಾಣಿಸಿದ ಕೃತಿಗಳಲ್ಲಿ ಅದೊಂದು. ಮುಂಬಯಿ ವಿಶ್ವವಿದ್ಯಾಲಯವು 2003ರಲ್ಲಿ ನಾಟ್ಯಕಲಾ ಅಕಾಡೆಮಿಯನ್ನು ತೆರೆದಾಗ ಅದರ ಹೊಣೆ ಹೊತ್ತವರು ವಾಮನ ಕೇಂದ್ರೆಯವರು. ಸವದತ್ತಿಯ ಎಲ್ಲಮ್ಮನಿಗೆ ಬಿಟ್ಟ ಜೋಗತಿಯರ ಬದುಕನ್ನು ಕುರಿತ, ಉತ್ತಮ ಬಂಡು ತುಪೆಯವರ ಕಾದಂಬರಿಯಿಂದ ಬಂದ ‘ಝುಲ್ವಾ’ ಎಂಬ ಮರಾಠಿ ನಾಟಕವನ್ನು ನಿರ್ದೇಶಿಸಿ ಹೆಸರಾದವರೇ ಇವರು. ಅವರು 2013ರಲ್ಲಿ ದೆಹಲಿಯ ರಾಷ್ಟ್ರೀಯ ನಾಟ್ಯಶಾಲೆಯ ನಿರ್ದೇಶಕರಾಗಿ ಹೋದರು. ಲಾವಣಿ, ಪೋವಾಡ, ತಮಾಷಾಗಳ ಅಭ್ಯಾಸಕ್ಕೆ ಲೋಕಕಲಾ ಅಕಾಡೆಮಿಯೂ ಅದೇ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿದೆ.

ಕಲೀನಾದ ಅದೇ ವಿದ್ಯಾನಗರಿಯಲ್ಲಿ 1978ರಿಂದ ಕನ್ನಡ ವಿಭಾಗವಿದೆ. ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಹಗಲು ಹೋಟೆಲುಗಳಲ್ಲಿ ದುಡಿದ ಕರಾವಳಿಯ ತರುಣರು ಕಟ್ಟಿ ಬೆಳೆಸಿದ ಯಕ್ಷಗಾನದ ಹವ್ಯಾಸವು ಮುಂಬಯಿಯ ಸಂಘಸಂಸ್ಥೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಅಪಾರ ಪ್ರಯೋಗಗಳಾಗಿವೆ, ಸನ್ಮಾನಗಳಾಗಿವೆ. ಅವುಗಳ ಲೆಕ್ಕ ಸಂಘಗಳ ಸ್ಮರಣಸಂಚಿಕೆಗಳಲ್ಲಿ ದೊರೆತೀತು. ಇಂಥ ಭಾಗವತರು ಇಂಥ ಪ್ರಸಂಗದ ಇಂಥ ಪದ್ಯವನ್ನು ಯಾವ ಮಟ್ಟಿನಲ್ಲಿ ಹಾಡುತ್ತಿದ್ದರು, ಊರಿನ ಇಡೀ ರಾತ್ರಿಯ ಆಟವನ್ನು ಮುಂಬಯಿಯ ಸಭಾಗೃಹದ ಎರಡು ಮೂರು ತಾಸುಗಳಿಗೆ ಇಳಿಸುವಾಗ ಯಾವುದನ್ನು ಬಿಟ್ಟರು, ಯಾವುದನ್ನು ಉಳಿಸಿಕೊಂಡರು, ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ ಹೆಜ್ಜೆ ಕಲಿಸಿದ ಗುರುಗಳ ಪಾಠಕ್ರಮ ಯಾವುದು — ಇವುಗಳ ಉತ್ತರ ಸ್ಮರಣಸಂಚಿಕೆಯ ಭಾವಚಿತ್ರಗಳಿಂದ ತಿಳಿಯತಕ್ಕುದಲ್ಲ. ಹತ್ತು ಮಂದಿ ಹಿರಿಯರ ಎದುರು ಒಂದು ವರ್ಷ ಕುಳಿತು ದಾಖಲಿಸಿದರೆ ತಿಳಿದೀತು. ಈ ಕೆಲಸಕ್ಕೆ 1971ರಲ್ಲಿ ಬೇಕಾಗಿದ್ದಷ್ಟು ಹಣವೂ ಭಾರವಾದ ಉಪಕರಣವೂ ಈಗ ಬೇಕಿಲ್ಲ. ವಿದ್ಯಾರ್ಥಿಯ ಜೇಬಿನಲ್ಲಿರುವ ದೂರವಾಣಿಯೇ ಸಾಕು.

ಹಿರಿಯಡಕ ಗೋಪಾಲ ರಾಯರು ನೂರು ವರ್ಷ ಬಾಳಿ 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕನಕ ರೇಳೆಯವರು 2023ರ ಫೆಬ್ರವರಿ 22ರಂದು ಮುಂಬಯಿಯಲ್ಲಿ ನಿಧನರಾದರು. ಅವರು ಚಿತ್ರೀಕರಿಸಿದ ಕಲ್ಯಾಣಿಕುಟ್ಟಿ ಅಮ್ಮನವರು 1999ರಲ್ಲಿಯೇ ಗತಿಸಿದ್ದರು. 1970–71ರಲ್ಲಿ ಅವರಿಗೆ ವಯಸ್ಸು ಐವತ್ತೈದರ ಸುಮಾರು.