ಟ್ರ್ಯಾಕ್ಟರಿನ ಮೂರನೆಯ ತೋಳು

ಕೋಟೇಶ್ವರವೆಂದೊಡನೆ ಕೋಟಿಲಿಂಗೇಶ್ವರನ ಗುಡಿಯೂ ಕೋಟಿತೀರ್ಥದ ವಿಶಾಲ ಕೆರೆಯೂ ಕೊಡಿಹಬ್ಬದ ಸಂದಣಿಯೂ ನೆನಪಾಗುವುದು ಸಹಜ. ಆದರೆ ಮುಂಗಾರು ಹಿಡಿದ ಮೇಲೆ ಇಲ್ಲಿಗೆ ಬಂದವರು ಬಯಲಿನತ್ತಲೂ ಒಮ್ಮೆ ಕಣ್ಣು ಹಾಯಿಸಬೇಕು. ಕೋಣಗಳು ಉಳುತ್ತಿದ್ದ ಕೆಸರುಗದ್ದೆಗಳಲ್ಲಿ ಈಗ ಟ್ರ್ಯಾಕ್ಟರು, ಟಿಲ್ಲರುಗಳ ಸದ್ದು. ಪಟ್ಟಣಿಗರಾದ ನಮ್ಮ ದೃಷ್ಟಿ ಎಂಜಿನ್ನಿನ ಮೇಲೆ ನೆಡುತ್ತದೆ. ನಾನು ಹೇಳಹೊರಟಿರುವುದು ಅದರ ಬೆನ್ನಿಗಿರುವ ಮೂರು ಉಕ್ಕಿನ ತೋಳುಗಳ ವಿಷಯ.

ಆರಂಭದ ಟ್ರ್ಯಾಕ್ಟರುಗಳು ಜೋಡೆತ್ತಿನಂತೆಯೇ ನೇಗಿಲನ್ನು ಒಂದು ಕೊಂಡಿಯಿಂದ ಎಳೆಯುತ್ತಿದ್ದುವು. ನೇಗಿಲು ಬಂಡೆಗೆ ಸಿಕ್ಕಿದರೆ ಎತ್ತು ನಿಂತುಬಿಡುತ್ತದೆ. ಯಂತ್ರಕ್ಕೆ ಆ ವಿವೇಕವೆಲ್ಲಿ? ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚುವ ಸಂಭವವಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇದಕ್ಕೊಂದು ಉಪಾಯ ಕಂಡುಹಿಡಿದನು. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ನೆಲ ಎದುರಾಡಿದಾಗ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೊತ್ತಿ ಮುಂಚಕ್ರಗಳನ್ನು ನೆಲಕ್ಕೆ ಅದುಮುತ್ತದೆ. 1946ರಿಂದ 1956ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಆತನ ಟಿ.ಇ. 20 ಟ್ರ್ಯಾಕ್ಟರುಗಳು ಐದು ಲಕ್ಷಕ್ಕೂ ಮಿಕ್ಕಿವೆ. 1960ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಟಾಫೆ ಸಂಸ್ಥೆಯ ಮ್ಯಾಸಿ ಫರ್ಗುಸನ್ ಯಂತ್ರಗಳೊಡನೆ ಅವನ ಹೆಸರು ನಮ್ಮ ಹೊಲಗಳಿಗೂ ಇಳಿಯಿತು.

ತೊಡಕಿರುವುದು ಹಳೆಯದಕ್ಕೂ ಹೊಸದಕ್ಕೂ ಸಂಬಂಧ ಬೆಳೆಸುವಾಗ. ಚಿಕ್ಕ ಟ್ರ್ಯಾಕ್ಟರುಗಳ ಕೆಳತೋಳಿಗೆ ಸುಮಾರು 22 ಮಿಲಿಮೀಟರಿನ ಪಿನ್ನು, ದೊಡ್ಡವಕ್ಕೆ 28. ಚಿಕ್ಕ ಪಿನ್ನಿನ ನೇಗಿಲನ್ನು ದೊಡ್ಡ ತೋಳಿಗೆ ಸಿಕ್ಕಿಸಬೇಕಾದರೆ ನಡುವೆ ಅಳತೆಗೆ ಸರಿಯಾದ ಉಕ್ಕಿನ ಬುಷ್ ಕೂರಿಸಬೇಕು. ಕೈಗೆ ಸಿಕ್ಕಿದ ಬೋಲ್ಟು ತೂರಿಸಿ ‘ಈ ಮಳೆಗಾಲ ದಾಟಲಿ’ ಎನ್ನುವವರೇ ಹೆಚ್ಚು. ಸಡಿಲ ಪಿನ್ನು ದಿನದಿನವೂ ತೂತನ್ನು ಅಗಲಿಸುತ್ತದೆ. ದೊಡ್ಡ ಪಿನ್ನನ್ನು ಉಜ್ಜಿ ಸಣ್ಣದಾಗಿಸುವುದಂತೂ ಬಲವನ್ನೇ ಉಜ್ಜಿದಂತೆ. ಪಿನ್ನನ್ನೇ ಬದಲಿಸುವುದು ಮೇಲು.

ಇದಕ್ಕಿಂತ ಭಯಂಕರವಾದ ಅಭ್ಯಾಸವೊಂದಿದೆ. ತೆಂಗಿನ ಬುಡ ಕೀಳಲು ಸರಪಳಿಯನ್ನು ಮೇಲಿನ ತೋಳಿನ ಜಾಗಕ್ಕೆ ಬಿಗಿಯುತ್ತಾರೆ. ಎಳೆತ ಹಿಂಚಕ್ರದ ಅಚ್ಚಿಗಿಂತ ಮೇಲಿದ್ದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಬೇಡ. ಚಾಲಕನಿಗೆ ಕ್ಲಚ್ಚು ತುಳಿಯುವಷ್ಟು ವ್ಯವಧಾನವೂ ದೊರೆಯದು. ಸರಪಳಿಗೆ ಇರುವ ಸ್ಥಳ ಅಚ್ಚಿಗಿಂತ ಕೆಳಗಿನ ಎಳೆಪಟ್ಟಿ ಮಾತ್ರ.

ಕೆಸರಿನಲ್ಲಿ ಹೂತ ಚಕ್ರಕ್ಕೆ ಮರದ ತುಂಡು ಕಟ್ಟಿ ಮುನ್ನುಗ್ಗುವುದೂ ಇಷ್ಟೇ ಅಪಾಯಕರ. ತುಂಡು ನೆಲಕ್ಕೆ ಕಚ್ಚಿದರೆ ಚಕ್ರ ತಿರುಗದು, ಟ್ರ್ಯಾಕ್ಟರೇ ತಿರುಗುತ್ತದೆ. ಬಲ್ಲ ಚಾಲಕರು ಬೆನ್ನಿನ ಸಲಕರಣೆಯನ್ನು ಮೇಲೆತ್ತಿ, ನಿಧಾನವಾಗಿ ಹಿಂದಕ್ಕೆ ಸರಿದು ಹೊರಬರುತ್ತಾರೆ. ಅದೂ ಆಗದಿದ್ದರೆ ಎಂಜಿನ್ನು ನಿಲ್ಲಿಸಿ, ಅಂಚಿನ ಮೇಲೆ ಕುಳಿತು, ಇನ್ನೊಂದು ಟ್ರ್ಯಾಕ್ಟರಿಗೆ ಹೇಳಿಕಳುಹಿಸುತ್ತಾರೆ.